ಆಚೆ ದಡದ ಹಾಸಿಗೆ

ನಮ್ಮ ದ್ವೀಪದ ಊರಾದ ಲೆವುಕಾದಲ್ಲಿ ಬರೀ ಇನೋಕೆ ಎಂದು ಕೇಳಿದರೆ ಯಾರೂ ದಾರಿ ತೋರಿಸುವುದಿಲ್ಲ. ಆ ಹೆಸರಿನವರು ಬೀದಿಗೆ ಇಬ್ಬರಿದ್ದಾರೆ. ‘ಸ್ವಿಚ್ ಇನೋಕೆ’ ಎನ್ನಬೇಕು. ಮೀನು ಡಬ್ಬಿಗೆ ತುಂಬುವ ಕಾರ್ಖಾನೆಯಲ್ಲಿ ಇಪ್ಪತ್ತೆಂಟು ವರ್ಷದಿಂದ ಬಾಯ್ಲರ್ ಕಾಯುತ್ತಿರುವ ಮನುಷ್ಯ. ಹುಡುಗನಾಗಿದ್ದಾಗ ನೆರೆಯವರ ಮರದ ಮನೆ ತಂತಿಯ ಕಿಡಿಯಿಂದ ಉರಿದು ಬೂದಿಯಾದದ್ದನ್ನು ಕಂಡಿದ್ದ. ಅಂದಿನಿಂದ ಯಾವ ಕೋಣೆಯಿಂದ ಹೊರಬಂದರೂ ಗೋಡೆಯ ಸ್ವಿಚ್ಚುಗಳನ್ನೆಲ್ಲ ಆರಿಸಿಯೇ ಬರುತ್ತಿದ್ದ. ಒಮ್ಮೆ ಚರ್ಚಿನಲ್ಲಿ ಉಪದೇಶ ಮುಗಿಯಿತೆಂದುಕೊಂಡು ಎದ್ದು ಹೋಗಿ ಮೈಕಿನ ಸ್ವಿಚ್ ಆರಿಸಿಬಿಟ್ಟ. ಪಾದ್ರಿಗೆ ಇನ್ನೂ ಅರ್ಧ ಉಪದೇಶ ಬಾಕಿ ಇತ್ತು. ಸಭೆಯವರು ಬಾಯಲ್ಲಿ ಛೀ ಅಂದರೂ ಮನಸ್ಸಿನಲ್ಲಿ ಅವನನ್ನು ಹರಸಿದರು.

ಅವನು ನನ್ನ ಅಕ್ಕ ಮಕೆಲೆಸಿಯ ಗಂಡ. ನಮ್ಮಲ್ಲಿ ಅಕ್ಕನ ಗಂಡನೂ ಹೆಂಡತಿಯ ತಮ್ಮನೂ ಪರಸ್ಪರ ಭಾವಂದಿರೇ. ಒಬ್ಬರ ಮುಖಕ್ಕೊಬ್ಬರು ಏನು ಬೇಕಾದರೂ ಅನ್ನಬಹುದು, ಯಾರೂ ಸಿಟ್ಟಾಗುವಂತಿಲ್ಲ. ಈ ಹಕ್ಕನ್ನು ನಾನು ಮೂವತ್ತು ವರ್ಷ ಧಾರಾಳವಾಗಿ ಬಳಸಿದ್ದೇನೆ. ಒಂದೇ ಒಂದು ಸಲ ಅದನ್ನು ಮೀರಿದೆ. ಆ ಕತೆಯೇ ಇದು.

ಅಕ್ಕ ಶಾಲೆಯಲ್ಲಿ ಒಂದನೇ ತರಗತಿಯ ಮಕ್ಕಳಿಗೆ ಅಕ್ಷರ ತಿದ್ದಿಸಿ ನಿವೃತ್ತಳಾದವಳು. ನನ್ನದು ಅವರ ಮನೆಗೆ ಅಂಟಿಕೊಂಡೇ ಇರುವ ಫೋನು, ಕಂಪ್ಯೂಟರ್ ರಿಪೇರಿ ಅಂಗಡಿ. ಅಲ್ಲಿನ ಒಂದು ಹಳೆಯ ಯಂತ್ರದಲ್ಲಿ ನಾನು ಒಂದು ಆಟ ಹಾಕಿಟ್ಟಿದ್ದೆ. ಅದಕ್ಕೆ ಏನೋ ಉದ್ದದ ಇಂಗ್ಲಿಷ್ ಹೆಸರಿದೆ, ನಾವು ‘ಆಚೆ ದಡ’ ಅನ್ನುತ್ತೇವೆ. ಕಾಡು, ಕಡಲು, ದೈತ್ಯರು, ಹೆಣಗಳೆದ್ದು ಓಡಾಡುವ ಜೌಗು ನೆಲ, ಎಲ್ಲ ಇರುವ ದೊಡ್ಡ ನಾಡು. ಬರಿಮೈಯಲ್ಲಿ ಅಲ್ಲಿಗೆ ಹೋಗಿ ಬೀಳಬೇಕು, ಬದುಕಿ ಉಳಿಯಬೇಕು. ಊರಿನ ಹನ್ನೆರಡು ಜನ ಅವರವರ ಮನೆಯಿಂದ ಅಲ್ಲಿಗೆ ಹೋಗಿ ಬರುತ್ತಿದ್ದರು. ನಾವು ಆಡಲಿ ಬಿಡಲಿ, ಆ ನಾಡು ನನ್ನ ಅಂಗಡಿಯ ಯಂತ್ರದಲ್ಲಿ ತನ್ನ ಪಾಡಿಗೆ ಇರುತ್ತಿತ್ತು.

ನಿವೃತ್ತಿಯ ಬೇಸರಕ್ಕೆಂದು ಬಂದ ಅಕ್ಕ ಆರು ತಿಂಗಳಲ್ಲಿ ನಮಗೆಲ್ಲ ಮೇಷ್ಟರಾದಳು. ಹೊಸಬರಿಗೆಂದು ಒಂದು ನೋಟ್‌ಬುಕ್ಕಿನಲ್ಲಿ ಬುದ್ಧಿಮಾತು ಬರೆದಿಟ್ಟಿದ್ದಳು, ದುಂಡಗಿನ ಅಕ್ಷರದಲ್ಲಿ. ಇನೋಕೆಗೆ ಮಾತ್ರ ಆಟವೆಂದರೆ ಆಗುತ್ತಿರಲಿಲ್ಲ. “ಅರವತ್ತು ವರ್ಷದ ಹೆಂಗಸು, ಇಲ್ಲದ ಹಂದಿ ಬೇಟೆಗೆ ಹೋಗ್ತಾಳೆ. ಇರೋ ಹಂದಿ ಹಿತ್ತಲಲ್ಲಿ ಹಸ್ಕೊಂಡು ಕಿರುಚ್ತಾ ಇರುತ್ತೆ,” ಎಂದು ಎಲ್ಲರೆದುರು ಹೇಳುತ್ತಿದ್ದ. ಅಕ್ಕ ನಗುತ್ತಿದ್ದಳು.

ಒಂದು ಶನಿವಾರ ಅವಳು ಅಂಗಡಿಗೆ ಬಂದಳು. “ನಿನ್ನೆ ಕರೆಂಟ್ ಹೋಗಿ ಜೌಗಿನ ನಡುವೆ ಸತ್ತೆ ಕಣೋ ಸೈರುಸಿ. ಸಾಮಾನೆಲ್ಲ ಅಲ್ಲೇ ಬಿದ್ದಿದೆ,” ಅಂದಳು. ಆಚೆ ದಡದಲ್ಲಿ ಸತ್ತರೆ ನಾವು ನಮ್ಮ ಹಾಸಿಗೆಯಲ್ಲಿ ಮತ್ತೆ ಏಳುತ್ತೇವೆ, ಬರಿಗೈಯಲ್ಲಿ. ಹೊತ್ತದ್ದೆಲ್ಲ ಸತ್ತ ಜಾಗದಲ್ಲೇ ಒಂದು ಕಲ್ಲಿನ ಕೆಳಗೆ ಉಳಿಯುತ್ತದೆ, ಯಾರಾದರೂ ಹೋಗಿ ತೆಗೆಯುವವರೆಗೆ. “ಕಲ್ಲಿನ ಸುತ್ತ ಹೆಣಗಳಿವೆ, ಇವತ್ತು ಹತ್ತಿರದವರೆಗೆ ಹೋಗಿ ಗುರುತು ನೆಟ್ಟು ಬಂದೆ. ಸೋಮವಾರ ತರ್ತೀನಿ,” ಅಂದಳು. ಸೋಮವಾರ ಅವಳಿಗೆ ಬರಲಿಲ್ಲ. ಭಾನುವಾರ ಚರ್ಚಿನಿಂದ ಬಂದು, ಮಧ್ಯಾಹ್ನದ ಊಟಕ್ಕೆ ಹಿತ್ತಲಲ್ಲಿ ಕೆಸುವಿನ ಎಲೆ ಕೊಯ್ಯುತ್ತಿದ್ದವಳು ಹಾಗೇ ಕುಸಿದಳು. ಎಲೆಗಳು ಕೈಯಲ್ಲೇ ಇದ್ದವು.

ನಮ್ಮ ಕಡೆ ಸಾವಿನ ಮೇಲೆ ನೂರು ರಾತ್ರಿ ಕಳೆಯಬೇಕು. ಅಲ್ಲಿಯವರೆಗೆ ಕರಿ ಬಟ್ಟೆ, ಗಡ್ಡ ಬೋಳಿಸುವಂತಿಲ್ಲ. ನೂರಕ್ಕೆ ಸತ್ತವರ ಕಡೆಯ ನೆಂಟರೆಲ್ಲ ಬಂದು, ಕೂಡಿ ಊಟ ಮಾಡಿ ಶೋಕ ಇಳಿಸುತ್ತಾರೆ. ನಾನು ಆಚೆ ದಡಕ್ಕೆ ಹೋಗುವುದನ್ನೇ ಬಿಟ್ಟೆ. ಯಂತ್ರವನ್ನು ಮಾತ್ರ ಆರಿಸಲಿಲ್ಲ.

ಅರವತ್ತನೆಯ ದಿನವೋ ಏನೋ, ಬೆಳಿಗ್ಗೆ ಇನೋಕೆ ಅಂಗಡಿಗೆ ಬಂದ. ಕುರ್ಚಿ ತೋರಿಸಿದರೂ ಬಾಗಿಲ ಹತ್ತಿರ ನೆಲದ ಮೇಲೆ ಕೂತ. ಎರಡೂ ಕೈಯಲ್ಲಿ ತಿಮಿಂಗಿಲದ ಹಲ್ಲು. ಅದನ್ನು ಸುಮ್ಮಸುಮ್ಮನೆ ಯಾರೂ ತರುವುದಿಲ್ಲ. ಮದುವೆಗೆ ಹೆಣ್ಣು ಕೇಳಲು ತರುತ್ತಾರೆ, ಇಲ್ಲವೇ ಕೈ ಮೀರಿದ ತಪ್ಪಿಗೆ ಕ್ಷಮೆ ಕೇಳಲು. ಅನ್ಯಾಯ ಯಾರಿಗಾಯಿತೋ ಅವರ ಕಡೆಯವರು ಹಲ್ಲು ಈಸಿಕೊಂಡು ಚಪ್ಪಾಳೆ ತಟ್ಟಿದರೆ ಅಲ್ಲಿಗೆ ತೀರಿತು.

“ಭಾವ, ಅವತ್ತು ಕರೆಂಟ್ ಹೋಗಿರ್ಲಿಲ್ಲ,” ಅಂದ.

“ಯಾವತ್ತು?”

“ಅವಳು ಜೌಗಲ್ಲಿ ಸತ್ತಳಲ್ಲ, ಆ ಶುಕ್ರವಾರ. ಕೆಲಸ ಮುಗಿಸಿ ಬಂದೆ. ಹೊಟ್ಟೆ ಹಸಿದಿತ್ತು. ಒಲೆ ಮೇಲೆ ಏನೂ ಇಲ್ಲ. ಅಡುಗೆಮನೇಲಿ ರೇಡಿಯೊ ತನ್ನಷ್ಟಕ್ಕೆ ಸಾವಿನ ಸುದ್ದಿ ಓದ್ತಾ ಇತ್ತು. ‘ಎರಡೇ ನಿಮಿಷ ಇನೋಕೆ, ಜೌಗಿನ ಮಧ್ಯ ಇದೀನಿ’ ಅಂದ್ಲು. ನಾಲ್ಕು ಸಲ ಎರಡು ನಿಮಿಷ ಆಯ್ತು. ಬಾಗಿಲ ಹಿಂದೆ ಅವಳ ಯಂತ್ರದ ಸ್ವಿಚ್ ಇದೆಯಲ್ಲ, ಅವಳಿಗೆ ಕಾಣ್ದಂಗೆ ಆರಿಸ್ದೆ. ‘ಅಯ್ಯೋ, ಕರೆಂಟ್ ಹೋಯ್ತು’ ಅಂತ ನಾನೇ ಕೂಗ್ದೆ.”

“ಅವಳೇನಂದ್ಲು?”

“‘ಹೋಯ್ತಾ’ ಅಂದ್ಲು. ಎದ್ದು ಬಂದು ಮರಗೆಣಸು ಬೇಯಿಸಿದ್ಲು. ಎರಡು ದಿನ ನಂಗೆ ಟೈಮಿತ್ತು ಭಾವ. ನಾನೇ ಆರಿಸಿದ್ದು ಅಂತ ಹೇಳೋಕೆ ಪೂರ್ತಿ ಎರಡು ದಿನ. ಹೇಳ್ಲಿಲ್ಲ.”

ಅವಳ ಪರದೆ ಕತ್ತಲಾದರೂ ನನ್ನ ಯಂತ್ರದಲ್ಲಿ ಆ ನಾಡು ನಡೆಯುತ್ತಲೇ ಇತ್ತು. ಅಕ್ಕ ಜೌಗಿನಲ್ಲಿ ಕಂಬದ ಹಾಗೆ ನಿಂತಿದ್ದಳು, ಹೆಣಗಳು ಬಂದು ಮುಗಿಸಿದ್ದವು. ಆಟ ತಾನೇ ಎಂದು ಬೇರೆಯವರು ಅನ್ನಬಹುದು. ನನಗೆ ಅನ್ನಲಾಗಲಿಲ್ಲ. ಅವಳ ಕೊನೆಯ ಎರಡು ದಿನ ಒಂದು ಸುಳ್ಳಿನ ಜೊತೆ ಕಳೆದವು ಅನ್ನಿಸಿ ಮೈಯೆಲ್ಲ ಉರಿಯಿತು.

ನಾನು ಕೈಗಳನ್ನು ತೊಡೆಯ ಕೆಳಗೆ ತೂರಿಸಿಕೊಂಡೆ. “ನಿನ್ನ ಹಲ್ಲು ನಂಗೆ ಬೇಡ. ಹಾಳು ಮಾಡಿದ್ದು ಅಲ್ಲಿ, ಕ್ಷಮೆ ಕೇಳೋದು ಇಲ್ಲಾ? ಅಲ್ಲಿಗೇ ಹೋಗು. ಜೌಗಿಗೆ ಹೋಗಿ ಅವಳ ಸಾಮಾನು ತಂದು ಅವಳ ಮನೇಲಿಡು. ಆಮೇಲೆ ನನ್ನ ಬಾಗಿಲಿಗೆ ಬಾ. ಅಲ್ಲೀವರೆಗೆ ನೂರಲ್ಲ, ಇನ್ನೂರಾದರೂ ನಿನ್ನ ಕರಿ ಬಟ್ಟೆ ಇಳಿಸೋಕೆ ನಮ್ಮ ಕಡೆಯವರು ಬರೋಲ್ಲ.”

ಭಾವಂದಿರು ಹಾಗೆ ಆಡುವಂತಿಲ್ಲ. ಅವನು ಹಲ್ಲನ್ನು ಬಟ್ಟೆಯಲ್ಲಿ ಸುತ್ತಿಕೊಂಡು, “ನಂಗೆ ಅಲ್ಲಿ ನಡೆಯೋಕೂ ಬರಲ್ಲ,” ಅಂದ. ನಾನು ಅಕ್ಕನ ನೋಟ್‌ಬುಕ್ ಅವನ ಮುಂದೆ ಎಸೆದೆ.

ಮಾರನೆಯ ದಿನದಿಂದ ಕೆಲಸ ಬಿಟ್ಟ ಕೂಡಲೇ ಅಂಗಡಿಗೆ ಬರತೊಡಗಿದ. ಅಕ್ಕನ ಯಂತ್ರವನ್ನೇ ಹೊತ್ತು ತಂದು ನನ್ನ ಮೇಜಿನ ತುದಿಗಿಟ್ಟುಕೊಂಡ. ಮೊದಲ ದಿನ ನಾಲ್ಕು ಸಲ ಸತ್ತ. ಒಮ್ಮೆ ತಾನೇ ಕಡಿದ ಮರ ತಲೆಯ ಮೇಲೆ ಬಿತ್ತು. ಒಮ್ಮೆ ಚೆಂದದ ಗುಡಿಸಲು ಕಟ್ಟಿ, ಬಾಗಿಲು ಹಾಕಿ, ಒಳಗೆ ಬೆಂಕಿ ಹಚ್ಚಿಕೊಂಡು ಹೊಗೆಗೆ ಉಸಿರುಕಟ್ಟಿ ಸತ್ತ.

“ಇಪ್ಪತ್ತೆಂಟು ವರ್ಷ ಬಾಯ್ಲರ್ ಕಾದೋನಿಗೆ ಹೊಗೆ ಮೇಲಕ್ಕೆ ಹೋಗುತ್ತೆ ಅನ್ನೋದು ಗೊತ್ತಿಲ್ವಾ?” ಅಂದೆ.

ಅವನು ನೋಟ್‌ಬುಕ್ ಬಿಡಿಸಿ ಜೋರಾಗಿ ಓದಿದ: “‘ಸೂರಿನಲ್ಲಿ ಹೊಗೆಗೆ ಕಂಡಿ ಬಿಡಿ. ಎಲ್ಲರೂ ಒಂದು ಸಲ ಹೀಗೆ ಸಾಯುತ್ತಾರೆ, ನಾಚಿಕೊಳ್ಳಬೇಡಿ.’ ನೋಡು, ನಿಮ್ಮಕ್ಕ ಬೈಯೋದಿಲ್ಲ. ನೀನು ಯಾರ ಹೊಟ್ಟೇಲಿ ಹುಟ್ಟಿದೆ?”

ಅದೇ ಮೊದಲ ಸಲ, ಅರವತ್ತು ದಿನಗಳ ಮೇಲೆ, ನಮ್ಮಿಬ್ಬರಿಗೂ ನಗು ಬಂತು. ಕೂಡಲೇ ಇಬ್ಬರೂ ಬೇರೆ ಕಡೆ ನೋಡಿದೆವು.

ಅವಳು ಬರೆದದ್ದನ್ನು ಅವನು ಬೈಬಲ್ಲಿನ ಹಾಗೆ ಪಾಲಿಸಿದ. ಮೊದಲ ದಿನ ಓಡಬೇಡಿ, ನೆಲ ನೋಡಿ, ಕಲ್ಲು ಕಡ್ಡಿ ಆರಿಸಿ. ಬರೀ ಮಾಂಸ ತಿಂದರೆ ಬಲ ಬರುವುದಿಲ್ಲ, ಹಣ್ಣು, ಜೇನು, ಮಾಂಸ ಮೂರೂ ಹೊಟ್ಟೆಯಲ್ಲಿರಲಿ. ಒದ್ದೆ ಮೈಯಲ್ಲಿ ಜಗಳಕ್ಕೆ ಹೋಗಬೇಡಿ. ಇರುವುದನ್ನೆಲ್ಲ ಒಂದೇ ದೋಣಿಗೆ ತುಂಬಬೇಡಿ. ಕೊನೆಯ ಪುಟದಲ್ಲಿ ಎರಡು ಗೆರೆ ಎಳೆದು ಬರೆದಿದ್ದಳು: ‘ಸತ್ತ ಜಾಗಕ್ಕೆ ಹಾಗೇ ಓಡಬೇಡಿ. ಮೊದಲು ಊಟ ಮಾಡಿ. ಹತ್ತಿರದಲ್ಲೇ ಇನ್ನೊಂದು ಹಾಸಿಗೆ ಹಾಸಿ. ಆಮೇಲೆ ಹೋಗಿ.’

ಎಂಬತ್ತನೆಯ ದಿನದ ಸುಮಾರಿಗೆ ಅವನು ಆಚೆ ದಡದಲ್ಲಿ ಅಕ್ಕ ಕಟ್ಟಿಕೊಂಡಿದ್ದ ಮನೆ ಮುಟ್ಟಿದ. ಹೊಳೆಯ ಅಂಚಿನಲ್ಲಿ ಕಲ್ಲಿನ ಅಡಿಪಾಯದ ಮರದ ಮನೆ. ಆ ನಾಡಿನಲ್ಲಿ ಒಂದು ನಿಯಮವಿದೆ, ನನಗೆ ಗೊತ್ತಿತ್ತು, ಆದರೆ ನೆನಪಾಗಿರಲಿಲ್ಲ. ಯಾರೂ ಹತ್ತಿರವಿಲ್ಲದ ಜಾಗದಲ್ಲಿ ಕಾಲ ನಿಂತುಬಿಡುತ್ತದೆ. ಯಾರಾದರೂ ಬಂದರೆ ಮತ್ತೆ ಹೊರಡುತ್ತದೆ.

ಇನೋಕೆ ಬಾಗಿಲು ತೆಗೆದ. ಒಳಗೆ ಬೆಂಕಿ ಉರಿಯುತ್ತಿತ್ತು. ಬೆಂಕಿಯ ಮೇಲೆ ಮಾಂಸದ ತುಂಡೊಂದು ಅರ್ಧ ಬೆಂದಿತ್ತು. ಶನಿವಾರ ಅವಳು ಇಟ್ಟು ಹೋದದ್ದು. ನಾವು ನೋಡುತ್ತಿದ್ದಂತೆ ಅದು ಸುರ್ ಎಂದು ಸದ್ದು ಮಾಡಿ ಬೇಯತೊಡಗಿತು.

ಅಂಗಡಿಯ ಹೊರಗೆ ಹುಡುಗರ ರಗ್ಬಿಯ ಗಲಾಟೆ. ಚರ್ಚಿನ ಗಡಿಯಾರ ನಾಲ್ಕು ಬಾರಿಸಿತು. ನಮ್ಮೂರಿನ ಆ ಗಡಿಯಾರ ಒಂದು ನಿಮಿಷ ಬಿಟ್ಟು ಅದೇ ಗಂಟೆಯನ್ನು ಇನ್ನೊಂದು ಸಲ ಬಾರಿಸುತ್ತದೆ. ಎರಡನೆಯ ಸಲದ ನಾಲ್ಕು ಮುಗಿಯುವಷ್ಟರಲ್ಲಿ ಮಾಂಸ ಮುಕ್ಕಾಲು ಬೆಂದಿತ್ತು.

“ಭಾವ, ಅವಳು ಇಲ್ಲೇ ಎಲ್ಲೋ ಹೋಗಿದಾಳೆ,” ಅಂದ ಇನೋಕೆ, ಪಿಸುಮಾತಿನಲ್ಲಿ.

“ಮಾಂಸ ತೆಗಿ, ಸೀದುಹೋಗುತ್ತೆ,” ಅಂದೆ. ಅವನು ತೆಗೆದ. ತಿನ್ನಲಿಲ್ಲ. ಅವಳ ಪೆಟ್ಟಿಗೆಯಲ್ಲಿ ಇಟ್ಟ.

ಅಲ್ಲಿಂದ ಜೌಗಿಗೆ ದಾರಿ. ನಾನು ಜೊತೆಗೆ ಹೋಗಬಹುದಿತ್ತು, ನನ್ನ ಯಂತ್ರವೂ ಪಕ್ಕದಲ್ಲೇ ಇತ್ತು. ಹೋಗಲಿಲ್ಲ. ಹಟ ಎಂದುಕೊಂಡಿದ್ದೆ, ಈಗ ನೋಡಿದರೆ ಹೆದರಿಕೆ. ಅವನೊಬ್ಬನೇ ಹದಿನೆಂಟು ದಿನ ಹೋಗುತ್ತ, ಸಾಯುತ್ತ, ಅವಳ ಮನೆಯ ಹಾಸಿಗೆಯಲ್ಲಿ ಏಳುತ್ತ ಇದ್ದ. ಗಡ್ಡ ಎದೆಗೆ ಬಂದಿತ್ತು. ಕಾರ್ಖಾನೆಯವರು ನನ್ನನ್ನು ಕರೆದು, ನಿಮ್ಮ ಭಾವನಿಗೆ ತಲೆ ಸರಿ ಇದೆಯಾ ಎಂದು ಕೇಳಿದರು. ನನಗಿಂತ ಸರಿ ಇದೆ ಎಂದೆ.

ತೊಂಬತ್ತೆಂಟನೆಯ ದಿನ, ಶನಿವಾರ ಮಧ್ಯಾಹ್ನ, ಅವನು ಜೌಗಿನ ಒಳಕ್ಕೆ ಹೋದ. ಕಪ್ಪು ನೀರು, ಕೊಳೆತ ಮರಗಳು, ಮಂಜು. ಅವಳ ಕಲ್ಲು ಕಾಣಿಸಿತು. ಅದಕ್ಕೂ ಮೊದಲು, ಇಪ್ಪತ್ತು ಹೆಜ್ಜೆ ಈಚೆ, ಒಂದು ಕಂಬಕ್ಕೆ ಹೊಡೆದ ಹಲಗೆ ಕಾಣಿಸಿತು. ಅದೇ ಅವಳು ಶನಿವಾರ ನೆಟ್ಟ ಗುರುತು. ಆಚೆ ದಡದಲ್ಲಿ ಹಲಗೆಯ ಮೇಲೆ ಏನು ಬೇಕಾದರೂ ಬರೆಯಬಹುದು.

ಇನೋಕೆ ಹತ್ತಿರ ಹೋಗಿ ಓದಿದ. ನಾನೂ ಬಗ್ಗಿ ಓದಿದೆ.

‘ಹೊಸಬರ ಗಮನಕ್ಕೆ: ಜೌಗಿಗೆ ಬರುವ ಮೊದಲು ಗಂಡನಿಗೆ ಊಟ ಹಾಕಿ ಬನ್ನಿ. ಇಲ್ಲದಿದ್ದರೆ ಸ್ವಿಚ್ ಆರಿಸುತ್ತಾನೆ. — ಮಕೆಲೆಸಿ ಟೀಚರ್.’

ಅವನು ಪರದೆಯ ಮೇಲೆ ಬೆರಳಿಟ್ಟು ಇನ್ನೊಂದು ಸಲ ಓದಿದ. ಆಮೇಲೆ, “ರೇಡಿಯೊ,” ಅಂದ. “ಏನು?” ಅಂದೆ. “ರೇಡಿಯೊ ಓದ್ತಾನೇ ಇತ್ತು ಭಾವ. ಕರೆಂಟ್ ಹೋಯ್ತು ಅಂತ ನಾನು ಕೂಗಿದಾಗಲೂ ಅಡುಗೆಮನೇಲಿ ರೇಡಿಯೊ ನಡೀತಾನೇ ಇತ್ತು.”

ನನಗೆ ನನ್ನ ಅಂಗಡಿಯ ಫ್ಯಾನು ನೆನಪಾಯಿತು. ಆ ಶುಕ್ರವಾರ ಅದು ಒಂದು ಗಳಿಗೆಯೂ ನಿಂತಿರಲಿಲ್ಲ. ಗೋಡೆಗೆ ಗೋಡೆ ಅಂಟಿದ ಮನೆ. ಅಕ್ಕನಿಗೆ ಎಲ್ಲ ಗೊತ್ತಿತ್ತು. ಗೊತ್ತಿದ್ದೇ ‘ಹೋಯ್ತಾ’ ಅಂದಿದ್ದಳು, ಗೊತ್ತಿದ್ದೇ ನನ್ನ ಬಳಿ ಕರೆಂಟಿನ ಹೆಸರು ಹೇಳಿ ಗಂಡನನ್ನು ಉಳಿಸಿದ್ದಳು. ಸುಳ್ಳಿನ ಜೊತೆ ಕಳೆದ ಎರಡು ದಿನ ಎಂದು ನಾನು ಬೆಂಕಿಯಾಗಿದ್ದೆನಲ್ಲ, ಆ ಎರಡು ದಿನ ಅವಳು ಒಳಗೊಳಗೇ ನಗುತ್ತಿದ್ದಳು.

ಇನೋಕೆ ಕಲ್ಲಿನ ಮುಂದೆ ನಿಂತ. “ಸಾಮಾನು ತೆಗೆದರೆ ಈ ಕಲ್ಲು ಏನಾಗುತ್ತೆ?”

“ಹೋಗುತ್ತೆ. ಆಮೇಲೆ ಅಲ್ಲಿ ಏನೂ ಇರಲ್ಲ.”

“ಹಾಗಾದ್ರೆ ನಾನು ತೆಗೆಯಲ್ಲ. ನೀನು ಹಲ್ಲು ತಗೋಬೇಡ, ಪರವಾಗಿಲ್ಲ.”

ಅವನು ಹಲಗೆಯ ಪಕ್ಕ ನಾಲ್ಕು ಕಂಬ ನೆಟ್ಟು, ಸೂರು ಹಾಕಿ, ಹೊಗೆಗೆ ಕಂಡಿ ಬಿಟ್ಟು, ಒಂದು ಹಾಸಿಗೆ ಹಾಸಿದ. ನಾನು ಎದ್ದು ಅವರ ಮನೆಗೆ ಹೋಗಿ ಬಟ್ಟೆಯಲ್ಲಿ ಸುತ್ತಿಟ್ಟಿದ್ದ ಹಲ್ಲನ್ನು ಹುಡುಕಿ ತಂದೆ. ಅವನ ಕೈಗೆ ಕೊಟ್ಟು, ಅವನಿಂದ ಈಸಿಕೊಂಡು, ಚಪ್ಪಾಳೆ ತಟ್ಟಿದೆ. ನನ್ನ ಕಡೆಯಿಂದಲೂ ಒಂದು ಹಲ್ಲು ಕೊಡಬೇಕಿತ್ತು, ಅವನಿಗೆ ಮಾಡಿದ್ದಕ್ಕೆ. ನನ್ನ ಹತ್ತಿರ ಇರಲಿಲ್ಲ. ಬಾಯಲ್ಲೇ ಹೇಳಿದೆ. “ಹೋಗೋ ಕತ್ತೆ,” ಅಂದ ಭಾವ.

ನೂರನೆಯ ದಿನ ನಮ್ಮ ಕಡೆಯವರೆಲ್ಲ ಹೋದೆವು. ಕರಿ ಬಟ್ಟೆ ಇಳಿಯಿತು, ಗಡ್ಡ ಬೋಳಿಸಿದರು.

ಇದಾಗಿ ಮೂರು ವರ್ಷ. ಸ್ವಿಚ್ ಇನೋಕೆ ಈಗಲೂ ಊರ ಸ್ವಿಚ್ಚನ್ನೆಲ್ಲ ಆರಿಸುತ್ತಾನೆ, ತನ್ನ ಮನೆಯ ಬಾಗಿಲ ಹಿಂದಿನ ಒಂದನ್ನು ಬಿಟ್ಟು. ಯಾರೂ ಆರಿಸದಂತೆ ಅದಕ್ಕೆ ಗಾಯದ ಪಟ್ಟಿ ಅಂಟಿಸಿದ್ದಾನೆ. ಹೊಸಬರಿಗೆ ಅಕ್ಕನ ನೋಟ್‌ಬುಕ್ ಇಟ್ಟುಕೊಂಡು ಅವನೇ ಪಾಠ ಹೇಳುತ್ತಾನೆ. ಆಚೆ ದಡದಲ್ಲಿ ಅವನು ಎಲ್ಲೇ ಸಾಯಲಿ, ಏಳುವುದು ಜೌಗಿನ ಹಾಸಿಗೆಯಲ್ಲಿ, ಅವಳ ಹಲಗೆಯ ಪಕ್ಕ. ಅಲ್ಲಿಂದ ಹೊಸಬರು ಇಳಿಯುವ ಜಾಗ ಸೇರಲು ಸಂಜೆಯೆಲ್ಲ ಬೇಕು, ದಾರಿಯಲ್ಲಿ ಹೆಣಗಳ ಕಾಟ. ಮೊನ್ನೆಯೂ ಹೇಳಿದೆ, “ಹಾಸಿಗೇನ ಈ ಕಡೆ ಹಾಕ್ಕೋ ಭಾವ, ಹೊಸಬರು ಕಾಯ್ತಾ ಇರ್ತಾರೆ.”

“ಬೇಡ ಕಣೋ,” ಅಂದ. “ಎದ್ದ ತಕ್ಷಣ ಅವಳ ಹತ್ರ ಬೈಸಿಕೊಳ್ಳದೆ ಇದ್ರೆ ನಂಗೆ ದಿನ ಶುರು ಆಗಲ್ಲ.”