ಹುಳು ತಿನ್ನುವ ಸೊಪ್ಪು

ಆ ಭಾನುವಾರದ ಬಗ್ಗೆ ನನ್ನ ದಿನಚರಿಯಲ್ಲಿ ಇರುವುದು ಮೂರೇ ಮಾತು. "ಸಿಕ್ಕಿತು. ಹಿಡಿದದ್ದು ನಾನಲ್ಲ. ಒಳಗೆ ಹೋದೆ." ಅದರ ಕೆಳಗೆ ಒಂದು ದೊಡ್ಡ ಬಾಯಿಯ ಚಿತ್ರ ಗೀಚಿದ್ದೇನೆ. ಉಳಿದದ್ದನ್ನೆಲ್ಲ ನೆನಪಿನಿಂದ ಬರೆಯುತ್ತಿದ್ದೇನೆ, ನೆನಪಿನ ಮೇಲೆ ನನಗೆ ಅಷ್ಟು ನಂಬಿಕೆ ಇಲ್ಲ. ಇತಿಹಾಸದಲ್ಲಿ ಎಂ.ಎ. ಮಾಡಿದ್ದರಿಂದ ಅಂಟಿಕೊಂಡ ಚಟ ಇದು: ಸಾಕ್ಷಿ ಒಬ್ಬಳೇ ಇದ್ದರೆ, ಅದೂ ನಾನೇ ಆಗಿದ್ದರೆ, ಅನುಮಾನ ಶುರುವಾಗುತ್ತದೆ. ಆದರೆ ಅವತ್ತು ನಕ್ಕು ನಕ್ಕು ಪಕ್ಕೆ ಹಿಡಿದುಕೊಂಡದ್ದು ಮಾತ್ರ ನಿಜ. ಮಾರನೆಯ ಬೆಳಿಗ್ಗೆ ಮಾಲೂರಿನಲ್ಲಿ ರೈಲು ಹತ್ತಿ, ಬಾಗಿಲ ಬಳಿ ನಿಂತು ಒಂದು ಸಲ ಸೀನಿದಾಗಲೂ ನೋಯುತ್ತಿತ್ತು.

ದೊಡ್ಡಮ್ಮನ ಊರು ಬೈರಕೂರಿನ ಹತ್ತಿರ. ಮನೆಯ ಹಿಂದೆ ಇನ್ನೊಂದು ಮನೆ ಇದೆ, ಅದು ರೇಷ್ಮೆ ಹುಳುಗಳದು. ಜನ ಇರುವ ಮನೆಗಿಂತ ಹುಳು ಮನೆಗೇ ಮರ್ಯಾದೆ ಹೆಚ್ಚು. ಒಳಗೆ ಹೋಗುವವರು ಬ್ಲೀಚಿಂಗ್ ಪೌಡರ್ ಕಲಸಿದ ನೀರಿನಲ್ಲಿ ಕಾಲು ಅದ್ದಬೇಕು, ಕೈ ತೊಳೆಯಬೇಕು. ಸೆಂಟು ಹಾಕಿಕೊಂಡು ಬಂದವರು ಯಾರೇ ಆಗಲಿ, ಜಗುಲಿಯ ಮೇಲೆ ಕೂತು ಕಾಫಿ ಕುಡಿದು ಹಾಗೇ ಹೋಗಬೇಕು. ಬಾಗಿಲಿಗೆ, ಕಿಟಕಿಗಳಿಗೆ ನೈಲಾನ್ ಬಲೆ. ಅದು ಊಜಿ ನೊಣಕ್ಕೆ ಹೆದರಿ ಹಾಕಿದ್ದು. ಊಜಿ ನೊಣ ನೋಡಲು ಮನೆಯ ನೊಣದ ಹಾಗೇ, ಸ್ವಲ್ಪ ದಪ್ಪ. ರೇಷ್ಮೆ ಹುಳುವಿನ ಮೈಮೇಲೆ ಮೊಟ್ಟೆ ಇಟ್ಟುಹೋಗುತ್ತದೆ. ಅದರ ಮರಿ ಹುಳುವಿನ ಒಳಗೆ ಸೇರಿ ಅದನ್ನೇ ತಿಂದು ಬೆಳೆಯುತ್ತದೆ. ಹುಳು ನೆಟ್ಟಗೆ ಗೂಡು ಕಟ್ಟುವುದಿಲ್ಲ.

ನಾನು ಹತ್ತು ವರ್ಷದವಳಿದ್ದಾಗ ಆ ಬಲೆಯ ಬಾಗಿಲನ್ನು ಹಾಕದೆ ಆಟಕ್ಕೆ ಓಡಿದೆ. ಊಜಿ ಒಳಗೆ ಹೋಯಿತು, ಆ ಸಲದ ಬೆಳೆ ಹಾಳಾಯಿತು. ನನಗೆ ನೆನಪಿರುವುದು ಹೀಗೆ. ಗಾಳಿಗೆ ಹಿಂದಕ್ಕೂ ಮುಂದಕ್ಕೂ ಆಡುತ್ತಿದ್ದ ಬಾಗಿಲು, ದೊಡ್ಡಮ್ಮನ ಅಂಗೈ, ಅಂಗೈಯಲ್ಲಿ ಮೈಮೇಲೆ ಕಪ್ಪು ಚುಕ್ಕೆಯಿದ್ದ ಒಂದು ಹುಳು. ಅವತ್ತಿನಿಂದ ನಾನು ಹುಳು ಮನೆಯ ಒಳಗೆ ಕಾಲಿಟ್ಟಿರಲಿಲ್ಲ. ಬರಬೇಡ ಎಂದು ಯಾರೂ ಹೇಳಿದ ನೆನಪಿಲ್ಲ, ಬಾ ಎಂದೂ ಯಾರೂ ಕರೆಯಲಿಲ್ಲ. ದೊಡ್ಡವಳಾಗಿ, ಡಿಗ್ರಿ ಮುಗಿಸಿ, ಕೆಲಸಕ್ಕೆ ಸೇರಿದ ಮೇಲೂ ರಜೆ ಸಿಕ್ಕಾಗ ಬಂದು ಹಿಪ್ಪುನೇರಳೆ ಸೊಪ್ಪು ಕೊಯ್ದು, ಹೊರೆ ಹೊತ್ತು ತಂದು ಬಾಗಿಲ ಬಳಿ ಇಳಿಸುತ್ತಿದ್ದೆ. ಅಲ್ಲಿಗೆ ನನ್ನ ಸರಹದ್ದು. ಬಲೆಗೆ ಮೂಗು ಒತ್ತಿ ಒಳಗೆ ಸಾವಿರಾರು ಹುಳು ಮೇಯುವ ಸರಬರ ಸದ್ದು ಕೇಳುತ್ತ ನಿಲ್ಲುತ್ತಿದ್ದೆ. ಒಳಗೆ ಹೋಗಬೇಕು ಎಂಬ ಆಸೆ ಎಷ್ಟಿತ್ತೆಂದರೆ, ಕೇಳಲು ಬಾಯೇ ಬರುತ್ತಿರಲಿಲ್ಲ. ಕೇಳಿ, "ನೀನಾ? ಬೇಡಮ್ಮ" ಎಂದುಬಿಟ್ಟರೆ?

ಇನ್ನು ದಿನಚರಿಯಲ್ಲಿ ಗೀಚಿದ ಆ ಬಾಯಿಯ ವಿಷಯ. ವಿಚಿತ್ರ ಪ್ರಾಣಿಗಳನ್ನು ಹಿಡಿದು ಕೂಡಿಡುವ ವಿಡಿಯೋ ಗೇಮುಗಳ ಒಂದು ಸರಣಿ ಇದೆ. ಅದರ ಫೋನಿನ ಆಟವನ್ನು ನಾನು ರೈಲಿನಲ್ಲಿ ಆಡುತ್ತೇನೆ. ಇಪ್ಪತ್ತೇಳು ವರ್ಷದವಳು ಇದನ್ನೆಲ್ಲ ಆಡುವುದೇ ಎಂದು ಕೇಳುವವರಿಗೆ, ಮಾಲೂರಿನಿಂದ ಬೆಂಗಳೂರಿಗೆ ನಿಂತುಕೊಂಡು ಹೋಗಿ ನೋಡಿ ಎನ್ನುತ್ತೇನೆ. ಊರೂರು ತಿರುಗಿದರೆ ಬೇರೆ ಬೇರೆ ಪ್ರಾಣಿ ಸಿಗುತ್ತವೆ, ಚೆಂಡು ಎಸೆದು ಹಿಡಿಯಬೇಕು. ಕ್ಯಾಮೆರಾ ಹಾಕಿದರೆ ನಮ್ಮ ಎದುರಿನ ಜಾಗದಲ್ಲೇ ಪ್ರಾಣಿ ನಿಂತ ಹಾಗೆ ಪರದೆಯ ಮೇಲೆ ಕಾಣುತ್ತದೆ. ಅವುಗಳಲ್ಲಿ ಒಂದು, ನೊಣ ನುಂಗುವ ಗಿಡ. ದುಂಡು ತಲೆ, ತಲೆಯ ಮುಕ್ಕಾಲು ಬಾಯಿ, ಬಾಯಿಯ ಸುತ್ತ ಹಲ್ಲು, ಕೈಗಳ ಬದಲು ಎಲೆ, ಕಾಲಿನ ಬದಲು ಬಳ್ಳಿ. ಅದು ನಮ್ಮ ಸೀಮೆಗೆ ಬರುವುದೇ ಇಲ್ಲ, ಆಟ ನಡೆಸುವವರು ಮನಸ್ಸು ಬಂದ ದಿನ ಮಾತ್ರ ಬಿಡುತ್ತಾರೆ. ನನ್ನ ಸಂಗ್ರಹದಲ್ಲಿ ಅದರ ಜಾಗದಲ್ಲಿ ಒಂದು ಬೂದು ನೆರಳು. ದೊಡ್ಡಮ್ಮನ ಮಗಳು, ಅಂದರೆ ಮುಳಬಾಗಿಲಿನಲ್ಲಿ ಡಿಗ್ರಿ ಓದುವ ನನ್ನ ತಂಗಿ, ಅವಳಲ್ಲೂ ಇರಲಿಲ್ಲ. ಮೊದಲು ಯಾರಿಗೆ ಸಿಗುತ್ತದೆ ಎಂದು ನಮ್ಮಿಬ್ಬರಿಗೂ ಪೈಪೋಟಿ.

ಆ ಭಾನುವಾರ ಹುಳು ನಾಲ್ಕನೇ ಜ್ವರ ಎದ್ದು ಮೂರೋ ನಾಲ್ಕೋ ದಿನವಾಗಿತ್ತು. ಜ್ವರವೆಂದರೆ ಕಾಯಿಲೆಯಲ್ಲ, ಹುಳು ಮೇವು ಬಿಟ್ಟು ಮಲಗಿ ಪೊರೆ ಕಳಚುವುದು. ನಾಲ್ಕನೆಯದು ಮುಗಿಸಿ ಎದ್ದ ಮೇಲೆ ಅವು ತಿನ್ನುವುದನ್ನು ನೋಡಿದರೆ ಹೆದರಿಕೆಯಾಗುತ್ತದೆ. ಮನೆಯವರೆಲ್ಲ ಸೊಪ್ಪಿನ ಹಿಂದೆ ಓಡುವ ದಿನಗಳವು. ನಾನು, ತಂಗಿ ಮಧ್ಯಾಹ್ನದ ಹೊರೆ ತಂದು ಬಾಗಿಲ ಬಳಿ ಇಳಿಸಿದೆವು. ಬೆವರು ಒರೆಸಿಕೊಂಡು ಫೋನು ತೆಗೆದು ನೋಡಿದರೆ, ಅದು!

ನಾನು ಕಿರುಚಿದೆನಂತೆ. ತಂಗಿ ಹಾವು ಎಂದುಕೊಂಡು ಸೊಪ್ಪಿನ ಹೊರೆಯ ಮೇಲೆ ಹತ್ತಿ ನಿಂತಳು.

"ಅಕ್ಕಾ, ಎಲ್ಲೇ? ಎಲ್ಲೇ ಹಾವು?"

"ಹಾವಲ್ಲ ಕಣೇ, ಗಿಡ! ಬಾಯಿ ಗಿಡ!"

ಅವಳು ಹೊರೆಯಿಂದ ಜಾರಿಕೊಂಡೇ ಇಳಿದಳು. ತನ್ನ ಫೋನು ಚಾರ್ಜಿಗಿಟ್ಟು ಬಂದಿದ್ದಕ್ಕೆ ತಲೆ ತಲೆ ಚಚ್ಚಿಕೊಂಡಳು. ನಾನು ಕ್ಯಾಮೆರಾ ಹಾಕಿದೆ. ಹುಳು ಮನೆಯ ಬಾಗಿಲ ಎದುರಿಗೆ, ಕಾಲು ಅದ್ದುವ ನೀರಿನ ತಟ್ಟೆಯ ಪಕ್ಕದಲ್ಲಿ, ಅದು ಓಲಾಡುತ್ತ ಬಾಯಿ ತೆರೆದು ನಿಂತಿತ್ತು. ನನ್ನ ಬಳಿ ಇದ್ದದ್ದು ನಾಲ್ಕು ಚೆಂಡು. ಉಳಿದದ್ದನ್ನು ಬರುವಾಗ ಕೋಲಾರದ ಬಸ್ ಸ್ಟ್ಯಾಂಡಿನಲ್ಲಿ ಯಾವುದೋ ಬಡಪಾಯಿ ಹಕ್ಕಿಗಳ ಮೇಲೆ ಕಳೆದಿದ್ದೆ. ಮೊದಲನೆಯದು ಎಡಕ್ಕೆ ಹೋಯಿತು, ಎರಡನೆಯದು ಮೇಲಕ್ಕೆ. ಮೂರನೆಯದರ ಒಳಗೆ ಹೋದ ಗಿಡ ಒಂದು ಸಲ ಅಲುಗಾಡಿ ಹೊರಗೆ ಬಂದು ಮತ್ತೆ ಬಾಯಿ ತೆರೆಯಿತು.

ಗಲಾಟೆ ಕೇಳಿ ದೊಡ್ಡಮ್ಮ ಒಳಗಿನಿಂದ ಬಂದರು. ಕೈಗೆಲ್ಲ ಹುಳುವಿನ ಹಾಸಿಗೆ ಚೆಲ್ಲುವ ಸುಣ್ಣದ ಪುಡಿ, ಸೊಂಟಕ್ಕೆ ಸಿಕ್ಕಿಸಿದ ಸೆರಗು. ಬಲೆಯ ಬಾಗಿಲನ್ನು ಎಳೆದು ಹಾಕಿ ನನ್ನ ಹೆಗಲ ಮೇಲಿಂದ ಇಣುಕಿದರು. ಪರದೆಯ ಮೇಲೆ ತಮ್ಮದೇ ಬಾಗಿಲು, ತಮ್ಮದೇ ನೀರಿನ ತಟ್ಟೆ, ನಡುವೆ ಅದು.

"ಏನೇ ಅದು ನಮ್ಮ ಬಾಗ್ಲಲ್ಲಿ?"

"ಒಂದು ಗಿಡ ದೊಡ್ಡಮ್ಮ. ಆಟದ್ದು."

"ಬಾಯೆಂಥದೇ ಅದು! ಏನು ತಿನ್ನುತ್ತೆ?"

ತಂಗಿ ಬಾಯಿ ಮುಚ್ಚಿಕೊಂಡಿರಬಹುದಿತ್ತು. "ಹುಳ ತಿನ್ನುತ್ತಮ್ಮ" ಅಂದಳು.

ದೊಡ್ಡಮ್ಮನ ಮುಖ ನೋಡಬೇಕಿತ್ತು. ನಲವತ್ತು ವರ್ಷ ಸೊಪ್ಪು ತಿನ್ನುವ ಹುಳುಗಳನ್ನು ಸಾಕಿದವರು. ಹುಳು ತಿನ್ನುವ ಸೊಪ್ಪು ಒಂದಿದೆ ಎಂದು ಅವರಿಗೆ ಯಾರೂ ಹೇಳಿರಲಿಲ್ಲ.

"ನನ್ನ ಹುಳೂನಾ?"

ಫೋನನ್ನು ನನ್ನ ಕೈಯಿಂದ ಕಿತ್ತುಕೊಂಡು, ಗೋಡೆಗೆ ಒರಗಿಸಿದ್ದ ಪೊರಕೆಯನ್ನು ಇನ್ನೊಂದು ಕೈಗೆ ತೆಗೆದುಕೊಂಡರು. ಕಣ್ಣು ಪರದೆಯ ಮೇಲೆ, ಪೊರಕೆ ಬಾಗಿಲ ಮುಂದೆ. ಕೋಪ ಬಂದರೆ ದೊಡ್ಡಮ್ಮನ ಬಾಯಲ್ಲಿ ತೆಲುಗೇ ಬರುವುದು. "ಪೋ! ಪೋವೇ ಅವತಲಿಕಿ!" ಎಂದು ಅದನ್ನು ಆಚೆಗಟ್ಟುತ್ತ ಒಂದು ಏಟು ಹಾಕಿದರು. ಸರಿಯಾಗಿ ಅದೇ ಗಳಿಗೆಗೆ ಆಟದೊಳಗಿನ ಗಿಡ ಎಗರಿತು.

"ಬಿತ್ತು ನೋಡು ಏಟು!"

ಇನ್ನೊಂದು ಏಟಿಗೆ ನೀರಿನ ತಟ್ಟೆ ಮಗುಚಿತು. ನಾನು ನಗು ತಡೆಯಲಾರದೆ ಕುಕ್ಕರಗಾಲಿನಲ್ಲಿ ಕೂತುಬಿಟ್ಟೆ. ತಂಗಿ ಸೊಪ್ಪಿನ ಮೇಲೆ ಬಿದ್ದು ಹೊರಳುತ್ತಿದ್ದಳು. "ಅಮ್ಮಾ, ಅದು ಪೊರಕೆಗೆ ಸಾಯಲ್ಲ! ಚೆಂಡಲ್ಲಿ ಹಿಡೀಬೇಕು!"

"ಎಲ್ಲೇ ಚೆಂಡು? ಕೊಡಿ ಮತ್ತೆ, ನಗ್ತಾ ಕೂತವ್ರೆ!"

ಚೆಂಡು ಪರದೆಯಲ್ಲೇ ಇದೆ, ಬೆರಳಲ್ಲಿ ಮೇಲಕ್ಕೆ ಚಿಮ್ಮಬೇಕು ಎಂದು ತೋರಿಸಿದೆ. ಉಳಿದಿರುವುದು ಒಂದೇ ಎಂದು ಹೇಳಲು ಧೈರ್ಯ ಬರಲಿಲ್ಲ. ಸುಣ್ಣದ ಬೆರಳನ್ನು ಫೋನು ಬೆರಳೆಂದೇ ಒಪ್ಪಲಿಲ್ಲ. ದೊಡ್ಡಮ್ಮ ಸೆರಗಿಗೆ ಉಜ್ಜಿಕೊಂಡು, ಉಸಿರು ಹಿಡಿದು, ಮೆಲ್ಲಗೆ ಸರಿಸಿದರು. ಮಲಗಿದ ಹುಳುವನ್ನು ನೋಯಿಸದೆ ಎತ್ತಿ ಪಕ್ಕಕ್ಕಿಡುವ ಬೆರಳು ಅದು. ಚೆಂಡು ನೆಟ್ಟಗೆ ಹೋಗಿ ಆ ಬಾಯಿಗೇ ತಗುಲಿತು. ಗಿಡ ಒಳಗೆ ಹೋಯಿತು. ಚೆಂಡು ಒಂದು ಸಲ ಅಲುಗಾಡಿತು, ಎರಡು ಸಲ, ಮೂರು ಸಲ. ಟಿಕ್ ಎಂದಿತು.

ನಾನು, ತಂಗಿ ಕೈ ಕೈ ಹಿಡಿದುಕೊಂಡು ಅಂಗಳದಲ್ಲಿ ಕುಣಿದೆವು. ದೊಡ್ಡಮ್ಮ ಮಾತ್ರ ಗಂಭೀರವಾಗಿ ಕೇಳಿದರು: "ಗಟ್ಟಿಯಾಗಿ ಮುಚ್ಕೊಂಡಿದ್ಯಾ ಅದು? ಮತ್ತೆ ಬರಲ್ಲ ತಾನೇ?"

ಆಮೇಲೆ ಜಗುಲಿಯ ಮೇಲೆ ನೀರು ಕುಡಿಯುತ್ತ ಕೂತೆವು. ಹಿಡಿದ ಗಿಡವನ್ನು ತೆರೆದು ತೋರಿಸಿದೆ. ಇದು ರೇಷ್ಮೆ ಹುಳು ತಿನ್ನುವುದಿಲ್ಲ, ಇಂಥ ಗಿಡಗಳು ನಿಜವಾಗಿಯೂ ಇವೆ, ಹೆಚ್ಚಾಗಿ ನೊಣ ಗಿಣ ತಿನ್ನುತ್ತವೆ ಎಂದು ಸಮಾಧಾನ ಹೇಳಿದೆ. ದೊಡ್ಡಮ್ಮನ ಲೋಟ ಬಾಯಿಯ ಹತ್ತಿರ ನಿಂತಿತು.

"ನೊಣ ತಿನ್ನುತ್ತಾ?"

"ತಿನ್ನುತ್ತೆ."

"ಊಜೀನೂ ತಿನ್ನುತ್ತಾ?"

"ಊಜಿ ನೊಣಾನೇ ತಾನೇ. ಸಿಕ್ಕಿದ್ರೆ ತಿನ್ನುತ್ತೆ."

"ಅಯ್ಯೋ, ಮೊದ್ಲೇ ಹೇಳ್ಬಾರ್ದೇನೇ! ಪೊರಕೇಲಿ ಹೊಡೆದ್ನಲ್ಲೇ!" ಪರದೆಯನ್ನು ಬೆರಳಿಂದ ಸವರಿದರು. ಗಿಡ ಖುಷಿಯಿಂದ ಓಲಾಡಿತು. "ಹಿಪ್ಪುನೇರಳೆ ಥರ ಕಡ್ಡಿ ನೆಟ್ರೆ ಬರುತ್ತೇನೇ? ಒಂದು ಕಡ್ಡಿ ತರಿಸ್ಕೊಡು, ಬಾಗ್ಲ ಪಕ್ಕ ಹಾಕ್ತೀನಿ."

ಅಷ್ಟು ಹೊತ್ತಿಗೆ ದೊಡ್ಡಪ್ಪ ಇನ್ನೊಂದು ಹೊರೆಯೊಂದಿಗೆ ಬಂದರು. ವಿಷಯ ಕೇಳಿ ಅವರೂ ಕೂತರು. ಸರಿಯಾದ ಸಭೆಯೇ ನಡೆಯಿತು. ನೊಣ ತಿನ್ನುವುದು ಒಳ್ಳೆಯದು, ಆದರೆ ನೊಣ ಸಿಗದ ದಿನ ಅದು ಹುಳುವಿನ ಕಡೆ ತಿರುಗದೆ ಇರುತ್ತದೆಯೇ ಎಂದು ದೊಡ್ಡಪ್ಪನ ಪ್ರಶ್ನೆ. ಮುಖ ಹೊರಗೆ ಮಾಡಿ ಕಟ್ಟಬೇಕು ಎಂದು ತಂಗಿ. ಕೊನೆಗೆ ದೊಡ್ಡಮ್ಮ ತೀರ್ಪು ಹೇಳಿದರು:

"ಅದು ಬಲೆಯಿಂದ ಆಚೆನೇ ಇರ್ಲಿ. ಇವ್ಳ ಥರ."

ಇವಳು ಅಂದರೆ ನಾನು. ಎಲ್ಲರೂ ನಕ್ಕರು. ನಾನೂ ನಕ್ಕೆ. ನಕ್ಕ ಮೇಲೆ ನಗು ಅಲ್ಲೇ ಎಲ್ಲೋ ಸಿಕ್ಕಿಕೊಂಡಿತು. ಅವತ್ತು ಅಷ್ಟೊಂದು ಕುಣಿದಿರದಿದ್ದರೆ ಕೇಳುತ್ತಿರಲಿಲ್ಲವೇನೋ. ಮೈಯಲ್ಲಿ ಇನ್ನೂ ಆ ಅಮಲಿತ್ತು.

"ದೊಡ್ಡಮ್ಮ, ಅವತ್ತು ಬಾಗಿಲು ತೆಗೆದಿಟ್ಟು ಊಜಿ ಬಿಟ್ಟೆ ಅಂತ ತಾನೇ ನೀವು ನನ್ನ ಒಳಗೆ ಸೇರಿಸದೆ ಇದ್ದದ್ದು?"

"ಯಾವತ್ತು?"

"ನಾನು ಚಿಕ್ಕೋಳಿದ್ದಾಗ. ಬೆಳೆ ಹೋಯ್ತಲ್ಲ."

ದೊಡ್ಡಮ್ಮ ದೊಡ್ಡಪ್ಪನ ಮುಖ ನೋಡಿದರು. "ಊಜಿ ಬಿದ್ದಿದ್ದು ಕಿಟಕಿ ಬಲೆ ಹರಿದಿತ್ತು ಅಂತ. ಹೊಲ್ಕೊಡ್ತೀನಿ, ಹೊಲ್ಕೊಡ್ತೀನಿ ಅಂತ ನಿಮ್ಮ ದೊಡ್ಡಪ್ಪ ತಿಂಗಳು ಮಾಡಿದ್ರಲ್ಲ. ನಿನಗೆ ಸುಣ್ಣ ಚೆಲ್ಲಿದ್ರೆ ಸೀನು ಕಣೇ. ಒಂದ್ಸಲ ಹುಳದ ಮೇಲೇ ಸೀನಿದ್ದೆ. ಅದಕ್ಕೇ ಆಚೆ ಕೂರಿಸ್ತಿದ್ದೆ. ಆಮೇಲೆ ನೀನೇ ಬರ್ಲಿಲ್ಲ. ಓದಿರೋಳು, ಹುಳ ಅಂದ್ರೆ ಅಸಹ್ಯವೇನೋ ಅಂದ್ಕೊಂಡೆ."

"ಬಾಗಿಲು ಅಕ್ಕಾನೇ ತೆಗೆದಿಟ್ಟಿದ್ದು ಅಂತ ಅಜ್ಜಿ ಹೇಳ್ತಿದ್ರು" ಎಂದಳು ತಂಗಿ. ಅವಳಿಗೆ ಆಗ ಮೂರು ವರ್ಷ. ದೊಡ್ಡಪ್ಪ ಹೊರೆ ಬಿಚ್ಚತೊಡಗಿದರು.

ಈಗಲೂ ನನಗೆ ಗೊತ್ತಿಲ್ಲ. ದೊಡ್ಡಮ್ಮ ನನ್ನ ಸಮಾಧಾನಕ್ಕೆ ಹರಿದ ಬಲೆಯನ್ನು ಅಲ್ಲೇ ಕಲ್ಪಿಸಿರಬಹುದು. ಅಥವಾ ನನ್ನ ಕಣ್ಣ ಮುಂದೆ ಇಷ್ಟು ವರ್ಷ ಗಾಳಿಗೆ ಆಡಿದ ಆ ಬಾಗಿಲೇ ನಾನು ಮನಸ್ಸಿನಲ್ಲಿ ಕಟ್ಟಿಕೊಂಡದ್ದಿರಬಹುದು. ಅವರು ನನಗೆ ಅಸಹ್ಯ ಎಂದುಕೊಂಡರು, ನಾನು ಅವರಿಗೆ ಕೋಪ ಎಂದುಕೊಂಡೆ. ಇಬ್ಬರ ನಡುವೆ ಒಂದು ನೈಲಾನ್ ಬಲೆ, ಹದಿನೇಳು ವರ್ಷ. ಕೇಳಲು ಅರ್ಧ ನಿಮಿಷ ಸಾಕಿತ್ತು! ಇದನ್ನು ಯೋಚಿಸಿ ಅಳಬೇಕೋ ನಗಬೇಕೋ ತಿಳಿಯದೆ ಕೂತಿದ್ದಾಗ ದೊಡ್ಡಮ್ಮ ಎದ್ದು, ಮಗುಚಿದ್ದ ತಟ್ಟೆಯನ್ನು ನೇರ ಮಾಡಿ ಹೊಸ ನೀರು ಕಲಸಿದರು.

"ಕಾಲು ಅದ್ದು. ಸೊಪ್ಪು ಹಾಕೋಕೆ ಕೈ ಸಾಲ್ತಿಲ್ಲ. ಸೀನು ಬಂದ್ರೆ ಆಚೆ ಓಡ್ಬೇಕು, ಗೊತ್ತಾಯ್ತಾ?"

"ಫೋನು?"

"ಆಚೆ ಇಡು. ಬಾಯ್ಬಡುಕಿ ಬಾಗ್ಲು ಕಾಯ್ಲಿ."

ಗಿಡಕ್ಕೆ ಹೀಗೆ ಹೆಸರಾಯಿತು. ಫೋನನ್ನು ಹೊರಗಿನ ಕಟ್ಟೆಯ ಮೇಲೆ ಗೋಡೆಗೆ ಒರಗಿಸಿ, ಪರದೆಯನ್ನು ಹೊಲದ ಕಡೆ ತಿರುಗಿಸಿ ನಿಲ್ಲಿಸಿದೆ. ಬಾಯ್ಬಡುಕಿ ಬಾಯಿ ತೆರೆದು, ಎಲೆಗಳನ್ನು ಬೀಸುತ್ತ, ಲೋಕದ ನೊಣಗಳಿಗೆಲ್ಲ ಸವಾಲು ಹಾಕುತ್ತ ನಿಂತಿತು. ತಣ್ಣನೆಯ ನೀರಿನಲ್ಲಿ ಕಾಲು ಅದ್ದಿ, ತೋಳಿನ ತುಂಬ ಸೊಪ್ಪು ಹಿಡಿದು ನಾನು ಒಳಗೆ ಹೋದೆ. ಹುಳು ಮೇಯುವ ಆ ಸದ್ದು ಈ ಸಲ ನನ್ನ ನಾಲ್ಕೂ ಕಡೆ ಇತ್ತು. ಹಸಿ ಎಲೆಯ, ಸುಣ್ಣದ ವಾಸನೆ. ಮೂಗು ಕಡಿಯಿತು. ಹಲ್ಲು ಕಚ್ಚಿ ತಡೆದೆ.

"ಬಾಗ್ಲು ಹಾಕ್ದ್ಯಾ?" ರ್‍ಯಾಕಿನ ಆಚೆಯಿಂದ ದೊಡ್ಡಮ್ಮನ ದನಿ.

"ಹಾಕ್ದೆ ದೊಡ್ಡಮ್ಮ."

ಹೇಳಿದ ಮೇಲೆ ಸೊಪ್ಪನ್ನು ಎದೆಗವಚಿಕೊಂಡು ಹಿಂದಕ್ಕೆ ಹೋಗಿ ನೋಡಿದೆ. ಹಾಕಿತ್ತು. ಇನ್ನೊಂದು ಸಲ ಎಳೆದು ನೋಡಿದೆ. ಹಾಕಿಯೇ ಇತ್ತು. ಬಲೆಯ ಆಚೆ ನಿಂತಿದ್ದ ತಂಗಿ ಅದನ್ನು ನೋಡಿ ಮತ್ತೆ ನಗಲು ಶುರುಮಾಡಿದಳು. ನನಗೂ ನಗು ಉಕ್ಕಿತು, ನಗುವಿನ ಜೊತೆಗೇ ಇಷ್ಟು ಹೊತ್ತು ತಡೆದಿದ್ದ ಸೀನು. ಸೊಪ್ಪನ್ನು ಅಲ್ಲೇ ರ್‍ಯಾಕಿನ ಮೇಲೆ ಎಸೆದು, ಬಾಗಿಲು ತೆಗೆದು ಆಚೆ ಓಡಿದೆ. ಬಾಯ್ಬಡುಕಿಯ ಮುಖದ ಮೇಲೇ ಸೀನಿದೆ.

"ಬಾಗ್ಲು!" ಎಂದು ಒಳಗಿನಿಂದ ದೊಡ್ಡಮ್ಮ ಕೂಗಿದರು.

ಹಾಕಿದ್ದೆ.