ಅಲುಗದಂತೆ ಹಿಡಿದ ಬ್ರೇಕು

ಶರಾವತಿಗೆ ಅಣೆಕಟ್ಟು ಏಳುತ್ತಿದ್ದ ವರ್ಷಗಳಲ್ಲಿ ನಾನಿನ್ನೂ ಚಿಕ್ಕವಳು. ಅಪ್ಪ ಮತ್ತು ನಾನು ಕಾರ್ಗಲ್ಲಿನ ಕಾಲೋನಿಯಲ್ಲಿದ್ದೆವು. ಅಮ್ಮನ ಮುಖ ನನಗೆ ನೆನಪಿಲ್ಲ. ನನ್ನನ್ನು ಸಾಕಿದವಳು ಅಕ್ಕ. ನಾನು ಏಳನೇ ಕ್ಲಾಸಿಗೆ ಹೋದ ವರ್ಷವೇ ಅವಳು ಮದುವೆಯಾಗಿ ತೀರ್ಥಹಳ್ಳಿ ಹತ್ತಿರದ ಮೇಳಿಗೆಗೆ ಹೋದಳು. ಎರಡು ಕೋಣೆಯ ಆ ತಗಡಿನ ಮನೆ ಅವಳು ಹೋದಮೇಲೆ ಇದ್ದಕ್ಕಿದ್ದಂತೆ ದೊಡ್ಡದಾಯಿತು.

ಬೆಳಿಗ್ಗೆ ಕೆಲಸದವರ ಲಾರಿ ಹಾರ್ನ್ ಹೊಡೆದರೆ ಅಪ್ಪ ಬುತ್ತಿ ಹಿಡಿದು ಹೊರಟುಬಿಡುತ್ತಿದ್ದರು. ಸಂಜೆ ಶಾಲೆಯಿಂದ ಬಂದು ಬೀಗ ತೆಗೆಯುವವಳು ನಾನೇ. ಅಕ್ಕಪಕ್ಕದ ಮನೆಗಳಲ್ಲಿ ತಮಿಳು, ಮಲಯಾಳ, ತೆಲುಗು. ಮಕ್ಕಳು ಓಣಿಯಲ್ಲಿ ಆಡುವಾಗ ನಾನು ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ಅವರ ಮಾತು ನನಗೆ ತಿಳಿಯುತ್ತಿರಲಿಲ್ಲ, ಬಾ ಎಂದು ಅವರು ಕರೆದದ್ದೂ ಇಲ್ಲ. ಒಲೆಯ ಮುಂದೆ ಕೂತು ನನಗೆ ನಾನೇ ಪಾಠ ಒಪ್ಪಿಸಿಕೊಳ್ಳುತ್ತಿದ್ದೆ. ಆ ಮನೆಯಲ್ಲಿ ಒಂದು ದನಿ ಬೇಕಿತ್ತು, ಅಷ್ಟೇ.

ಒಂದು ಶನಿವಾರ ಬೆಳಿಗ್ಗೆ ವಿಜ್ಞಾನದ ಮೇಷ್ಟ್ರು ‘ಕೆಲಸ’ ಎಂದರೇನು ಎಂಬ ಪಾಠ ಮಾಡಿದರು. ಬಲ ಹಾಕಿದರೆ ಸಾಲದು, ವಸ್ತು ಸರಿಯಬೇಕು, ಆಗಲೇ ಅದು ಕೆಲಸ ಎಂದರು. ಗೋಡೆಯನ್ನು ದಿನವಿಡೀ ತಳ್ಳಿದರೂ ಅದು ಸರಿಯದಿದ್ದರೆ ಮಾಡಿದ ಕೆಲಸ ಸೊನ್ನೆ. ಆಮೇಲೆ ಒಬ್ಬೊಬ್ಬರನ್ನೇ ಎಬ್ಬಿಸಿ ನಿಮ್ಮಪ್ಪ ಏನು ಮಾಡುತ್ತಾರೆ ಎಂದು ಕೇಳಿದರು. ಒಬ್ಬನ ಅಪ್ಪ ಕಲ್ಲು ಒಡೆಯುತ್ತಿದ್ದರು, ಇನ್ನೊಬ್ಬಳ ಅಪ್ಪ ಮರಳು ಹೊರುತ್ತಿದ್ದರು. ಎಲ್ಲವೂ ಕೆಲಸವೇ. ನನ್ನ ಸರದಿ ಬಂದಾಗ, ಅಪ್ಪ ಭಾರ ಎಳೆಯುವ ವಿಂಚಿನ ಬ್ರೇಕು ಹಿಡಿದು ನಿಲ್ಲುತ್ತಾರೆ ಎಂದೆ.

“ಹಂಗಾರೆ ನಿನ್ನಪ್ಪಂದು ಸೊನ್ನೆ” ಎಂದ ಹಿಂದಿನ ಬೆಂಚಿನ ಹುಡುಗ.

ಇಡೀ ಕ್ಲಾಸು ನಕ್ಕಿತು. ಮೇಷ್ಟ್ರು ಏನೋ ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ ಶಾಲೆ ಬಿಡುವ ಗಂಟೆ ಹೊಡೆಯಿತು.

ನಾನು ಮನೆಗೆ ಹೋಗಲಿಲ್ಲ. ಕೆಂಪು ಧೂಳಿನ ರಸ್ತೆ ಹಿಡಿದು ಅಪ್ಪ ಇದ್ದ ಗುಡ್ಡದ ಕಡೆಗೆ ನಡೆದೆ. ರಸ್ತೆಯ ಎರಡೂ ಕಡೆ ಗಿಡದ ಎಲೆಗಳ ಮೇಲೆ ಸಿಮೆಂಟಿನ ಬೂದು ಪುಡಿ ಕೂತಿತ್ತು. ಗುಡ್ಡದ ನೆತ್ತಿಯಲ್ಲಿ ತಗಡಿನ ಒಂದು ಶೆಡ್ಡು. ಒಳಗೆ ಡೀಸೆಲ್ ಇಂಜಿನ್ನು ಗುಡುಗುಡಿಸುತ್ತಿತ್ತು. ಅದರ ಪಕ್ಕದಲ್ಲಿ ಉಕ್ಕಿನ ಹಗ್ಗ ಸುತ್ತಿದ ದೊಡ್ಡ ಡ್ರಮ್ಮು. ಆ ಹಗ್ಗದ ತುದಿಗೆ ಒಂದು ಟ್ರಾಲಿ. ಅದು ಹಳಿಯ ಮೇಲೆ ಇಳಿಜಾರಿನಲ್ಲಿ ಸಾಮಾನು ಹೊತ್ತು ಹತ್ತುತ್ತಿತ್ತು, ಇಳಿಯುತ್ತಿತ್ತು. ಹತ್ತಿಸುವುದು ಇಂಜಿನ್ನು. ಇಳಿಯುವಾಗ ಅದು ಓಡಿಹೋಗದಂತೆ ತಡೆಯುವುದು ಅಪ್ಪನ ಬ್ರೇಕು.

“ಎಂತಕ್ಕೆ ಬಂದ್ಯೇ ಇಲ್ಲಿಗೆ?” ಎಂದರು ಅಪ್ಪ. ನನ್ನ ಮುಖ ನೋಡಿ, ಒಂದು ಖಾಲಿ ಎಣ್ಣೆ ಡಬ್ಬ ಮಗುಚಿ ಕೂರಿಸಿದರು. ಟ್ರಾಲಿ ಕೆಳಗಿಳಿದಮೇಲೆ ಡ್ರಮ್ಮಿನ ಬಳಿ ಕರೆದು, ಬ್ರೇಕಿನ ಪಟ್ಟಿಯ ಮೇಲೆ ನಾಲ್ಕು ಹನಿ ನೀರು ಚಿಮುಕಿಸಿದರು. ಚುಂಯ್ ಎಂದು ಆವಿ ಎದ್ದಿತು. ಮೇಲಿದ್ದ ಭಾರ ಕೆಳಗಿಳಿಯುವಾಗ ಅದರ ಜೋರು ಎಲ್ಲಿಗಾದರೂ ಹೋಗಬೇಕಲ್ಲ, ಹೀಗೆ ಬಿಸಿಯಾಗಿ ಇಲ್ಲಿಗೆ ಬರುತ್ತದೆ ಎಂದು ವಿವರಿಸಿದರು. ಅಪ್ಪ ಓದಿದ್ದು ಮೂರನೇ ಕ್ಲಾಸು.

ಶೆಡ್ಡಿನಲ್ಲಿ ಒಂದು ನೀರಿನ ಕೊಡ, ಒಂದು ಬುತ್ತಿ, ಗೋಡೆಗೆ ನೇತುಹಾಕಿದ ಅಂಗಿ, ಅಷ್ಟೇ ಇದ್ದದ್ದು. ಇಂಜಿನ್ನು ನೋಡಿಕೊಳ್ಳುವವನು ಆಗಾಗ ಬಂದು ಹೋಗುತ್ತಿದ್ದ. ಉಳಿದ ಹೊತ್ತೆಲ್ಲ ಅಪ್ಪ ಒಬ್ಬರೇ. ಮನೆಯಲ್ಲಿ ನಾನು ಒಂಟಿ ಎಂದುಕೊಳ್ಳುತ್ತಿದ್ದೆನಲ್ಲ, ಅಪ್ಪನೂ ಇಲ್ಲಿ ಹಾಗೆಯೇ ಇರುತ್ತಾರೆಂದು ನನಗೆ ಎಂದೂ ಹೊಳೆದಿರಲಿಲ್ಲ.

ಮಧ್ಯಾಹ್ನ ಟ್ರಾಲಿ ಮೇಲೆ ಬರುತ್ತಿತ್ತು. ಅದರಲ್ಲಿ ನಾಲ್ಕು ಜನ ಕೆಲಸದವರು ಇದ್ದರು. ಇಂಜಿನ್ನು ಕೆಮ್ಮಿದಂತೆ ಮಾಡಿ ನಿಂತೇಬಿಟ್ಟಿತು. ಡ್ರಮ್ಮು ಹಿಂದಕ್ಕೆ ಉರುಳತೊಡಗಿತು. ಅಪ್ಪ ಹಾರಿ ಬ್ರೇಕಿನ ಉದ್ದನೆಯ ಹಿಡಿಯನ್ನು ಕೆಳಗೆ ಒತ್ತಿದರು. ಡ್ರಮ್ಮು ನಿಂತಿತು. ಆದರೆ ಹಿಡಿಯನ್ನು ಸಿಕ್ಕಿಸಿಡುವ ಕೊಂಡಿ ಆ ಎಳೆತಕ್ಕೆ ತುಂಡಾಗಿ ನೆಲಕ್ಕೆ ಬಿತ್ತು. ಇನ್ನು ಕೈಬಿಡುವ ಹಾಗಿಲ್ಲ. ಟ್ರಾಲಿ ನಿಂತದ್ದು ಹಳಿ ಕೊರಕಲು ದಾಟುವ ಕಂಬಗಳ ಮೇಲೆ. ಅಲ್ಲಿಂದ ಇಳಿಯಲು ಕೆಳಗೆ ನೆಲವೇ ಇಲ್ಲ. ಇಂಜಿನ್ನಿನವನು ಹಗ್ಗ, ಏಣಿ, ಜನ ತರುತ್ತೇನೆಂದು ಓಡಿದ.

ಇಂಜಿನ್ನಿನ ಸದ್ದು ನಿಂತ ಶೆಡ್ಡಿನಲ್ಲಿ ಅಪ್ಪನ ಉಸಿರು ಮಾತ್ರ ಕೇಳುತ್ತಿತ್ತು. ಅವರ ಕತ್ತಿನ ನರ ಉಬ್ಬಿತ್ತು. ಬೆವರು ಹಣೆಯಿಂದ ಕಣ್ಣಿಗೆ ಇಳಿಯುತ್ತಿತ್ತು.

“ಕಣ್ಣು ಒರ್ಸು” ಎಂದರು.

ನಾನು ಲಂಗದ ತುದಿಯಿಂದ ಒರೆಸಿದೆ. ಮತ್ತೆ ಇಳಿಯಿತು, ಮತ್ತೆ ಒರೆಸಿದೆ. ಎಷ್ಟು ಹೊತ್ತಾದರೂ ಯಾರೂ ಬರಲಿಲ್ಲ. ಅಪ್ಪನ ತೋಳು ನಡುಗತೊಡಗಿತು. ಏನಾದರೂ ಮಾತಾಡು ಎಂದರು. ಬಾಯಿಗೆ ಬೇರೇನೂ ಬರದೆ, ಬೆಳಗಿನಿಂದ ಎದೆಯಲ್ಲಿ ಚುಚ್ಚುತ್ತಿದ್ದುದನ್ನೇ ಹೇಳಿಬಿಟ್ಟೆ. ಸರಿಯದೇ ಇದ್ದರೆ ಅದು ಕೆಲಸವಲ್ಲವಂತೆ, ಹುಡುಗರೆಲ್ಲ ನಕ್ಕರು ಎಂದೆ.

ಅಪ್ಪ ಹಳಿಯ ಮೇಲಿಂದ ಕಣ್ಣು ಕೀಳಲಿಲ್ಲ. ಹಾಗೆಯೇ ಹೇಳಿದರು, “ಸರಿಬಾರ್ದು ಅಂತಲೇ ನನ್ನ ಇಲ್ಲಿ ನಿಲ್ಸಿದ್ದು, ಮಗಾ.”

ಕೊನೆಗೆ ಜನ ಬಂದರು. ಗಾಲಿಗಳಿಗೆ ಮರದ ತುಂಡು ಕೊಟ್ಟು, ಹಗ್ಗ ಕಟ್ಟಿ, ನಾಲ್ವರನ್ನೂ ಒಬ್ಬೊಬ್ಬರಾಗಿ ಇಳಿಸಿದರು. ಬಿಡಬಹುದು ಎಂದು ಕೆಳಗಿನಿಂದ ಕೂಗಿದರೂ ಅಪ್ಪನ ಬೆರಳು ಬಿಚ್ಚಿಕೊಳ್ಳಲಿಲ್ಲ. ಒಂದೊಂದನ್ನೇ ನಾನು ಬಿಡಿಸಬೇಕಾಯಿತು. ಆ ರಾತ್ರಿ ಅನ್ನ ಕಲಸಲು ಅವರ ಕೈ ಏಳಲಿಲ್ಲ. ನಾನು ತುತ್ತು ಮಾಡಿ ಬಾಯಿಗಿಟ್ಟೆ. ಅವರು ಮಗುವಿನ ಹಾಗೆ ಉಂಡರು.

ಸೋಮವಾರ ಮೇಷ್ಟ್ರಿಗೆ ನಡೆದದ್ದನ್ನೆಲ್ಲ ಹೇಳಿದೆ. ಅವರು ಕ್ಲಾಸಿನವರನ್ನೆಲ್ಲ ಎಬ್ಬಿಸಿ, ಪುಸ್ತಕದ ಚೀಲವನ್ನು ಒಂದೇ ಕೈಯಲ್ಲಿ ಮುಂದಕ್ಕೆ ಚಾಚಿ ಹಿಡಿಯಲು ಹೇಳಿದರು. ತಾವೂ ತಮ್ಮ ಚೀಲ ಹಿಡಿದು ನಿಂತರು. ಒಂದೊಂದೇ ಕೈ ನಡುಗಿ ಕೆಳಗಿಳಿಯಿತು. ಹಿಂದಿನ ಬೆಂಚಿನ ಹುಡುಗನದು ಎಲ್ಲರಿಗಿಂತ ಮೊದಲು. ಕಡೆಗೆ ಮೇಷ್ಟ್ರ ಕೈಯೂ ಇಳಿಯಿತು.

“ಶನಿವಾರ ನಾನು ಅರ್ಧ ಹೇಳಿದ್ದೆ” ಎಂದರು. ಚೀಲ ಸರಿದಿಲ್ಲ, ಆದ್ದರಿಂದ ಚೀಲದ ಮೇಲೆ ಆದ ಕೆಲಸ ಸೊನ್ನೆ, ಅದು ನಿಜ. ಆದರೆ ತೋಳಿನೊಳಗೆ ಸ್ನಾಯುವಿನ ಎಳೆಗಳು ಬಿಗಿಯುತ್ತ ಸಡಿಲುತ್ತ ದುಡಿಯುತ್ತಲೇ ಇರುತ್ತವೆ. ಉಂಡ ಅನ್ನದ ಶಕ್ತಿ ಅಲ್ಲಿ ಖರ್ಚಾಗಿ, ಬಿಸಿಯಾಗಿ ಹೊರಗೆ ಬರುತ್ತದೆ. ಬೆವರು ಬರುವುದು ಅದಕ್ಕೇ. ಶಕ್ತಿ ಇಲ್ಲದಾಗುವುದಿಲ್ಲ, ರೂಪ ಬದಲಿಸುತ್ತದೆ, ಅಷ್ಟೇ. ಹೀಗೆ ಬಿಡಿಸಿ ಹೇಳಿದರು. ಆ ದಿನ ಯಾರೂ ನಗಲಿಲ್ಲ. ಹಾಗೆಂದು ಯಾರೂ ನನ್ನ ಪಕ್ಕ ಬಂದು ಕೂರಲೂ ಇಲ್ಲ. ಸಂಜೆ ಬೀಗ ತೆಗೆದಾಗ ಮನೆ ಎಂದಿನ ಹಾಗೆಯೇ ಇತ್ತು.

ಆದರೆ ಆಮೇಲಿನ ಶನಿವಾರಗಳಲ್ಲಿ ನಾನು ಗುಡ್ಡ ಹತ್ತುತ್ತಿದ್ದೆ. ಅಪ್ಪ ಬುತ್ತಿಯಲ್ಲಿ ನನಗೂ ಒಂದು ಪಾಲು ಉಳಿಸಿರುತ್ತಿದ್ದರು. ಹೊಸ ಕೊಂಡಿ ಹಾಕಿಸಿದ್ದರೂ ಅವರ ಒಂದು ಕೈ ಸದಾ ಹಿಡಿಯ ಮೇಲೆ. ಕಾಮಗಾರಿ ಮುಗಿದು, ಇಂಜಿನ್ನು ಬಿಚ್ಚಿ ಲಾರಿಗೆ ಹೇರುವ ತನಕ ಹಾಗೇ ನಡೆಯಿತು.

ಮೊಮ್ಮಕ್ಕಳೇ, ಈಗ ನೀವಿರುವುದು ಶಿವಮೊಗ್ಗದ ಆರು ಮಹಡಿಯ ಕಟ್ಟಡದಲ್ಲಿ. ಗುಂಡಿ ಒತ್ತಿದರೆ ಲಿಫ್ಟು ಬರುತ್ತದೆ. ಕರೆಂಟು ಹೋದರೂ ಅದರ ಬ್ರೇಕು ತಾನೇ ಕಚ್ಚಿಕೊಳ್ಳುತ್ತದೆ ಎಂದು ನೀವೇ ನನಗೆ ವಿವರಿಸಿದ್ದೀರಿ. ಒಳ್ಳೆಯದೇ ಆಯಿತು, ಯಾರ ತೋಳೂ ನಡುಗಬೇಕಾಗಿಲ್ಲ. ಒಮ್ಮೊಮ್ಮೆ ನಡುವೆ ಅದು ತಟಕ್ಕನೆ ನಿಂತಾಗ ನೀವು ಮೊಬೈಲಿನಿಂದ ತಲೆ ಎತ್ತುವುದೂ ಇಲ್ಲ. ನಾನು ಮಾತ್ರ ಮೇಲಕ್ಕೆ ನೋಡುತ್ತೇನೆ. ಅಲ್ಲಿ ಯಾರೂ ನಿಂತಿಲ್ಲವೆಂದು ನನಗೆ ಗೊತ್ತು. ಆದರೂ ನೋಡುತ್ತೇನೆ.