ಸಾವ್ಕಾರ ತಿಕ್ಕಿದ ನಾಣ್ಯ

ನಮ್ಮ ಮನೆತನದಲ್ಲಿ ನನ್ನಷ್ಟು ಹಗೆ ಸಾಧಿಸುವವರು ಬೇರೆ ಯಾರೂ ಇಲ್ಲ. ನಾಚಿಕೆಯಿಲ್ಲದೆ ಹೇಳುತ್ತೇನೆ.

ಅವ್ವನ ಅಪ್ಪ ನಿಜಾಮರ ಕಾಲದಲ್ಲಿ ಹೈದರಾಬಾದಿನ ಟಂಕಸಾಲೆಯಲ್ಲಿ ಕೂಲಿಗಿದ್ದ. ಚಲಾವಣೆಗೇ ಬಾರದ ಒಂದು ತಾಮ್ರದ ನಾಣ್ಯವನ್ನು ಅಲ್ಲಿನ ಸಾಹೇಬರು ಖುಷಿಯಿಂದ ಅವನಿಗೆ ಕೊಟ್ಟಿದ್ದರಂತೆ. ನಾನು ಚಿಕ್ಕವಳಿದ್ದಾಗ ಅವ್ವ ಅದನ್ನು ಚಿತ್ತಾಪುರದ ಬಟ್ಟೆ ಸಾವ್ಕಾರನಿಗೆ ತೋರಿಸಿ, ಅಪ್ಪನ ಕಥೆಯನ್ನೆಲ್ಲ ಹೇಳಿದಳು. ಹಳೆ ನಾಣ್ಯ ಕೂಡಿಡುವ ಹುಚ್ಚು ಅವನಿಗೆ. ಅಂಗಡಿ ತುಂಬ ಗಿರಾಕಿಗಳಿರುವಾಗಲೇ ಅಬ್ಬರಿಸಿದ: “ಇಂಥಾ ಛಾಪು ಎಲ್ಲೂ ಇಲ್ಲ. ಖೋಟಾ ಅದ. ನಿಮ್ಮಪ್ಪ ಅಚ್ಚು ಕದ್ದು ಮಾಡ್ಯಾನ. ಪೊಲೀಸರು ನೋಡಿದ್ರ ನಿನಗ ಒಯ್ತಾರ, ಇಲ್ಲೇ ಬಿಟ್ಟು ಹೋಗು.”

ಅವ್ವ ಬಿಟ್ಟು ಬಂದಳು. ಅಂದಿನಿಂದ ಬಾಜಾರದಲ್ಲಿ ಅವಳು ಕಳ್ಳನ ಮಗಳು. ತಾಳಲಾರದೆ ನಾವು ಊರು ಬಿಟ್ಟು ವಾಡಿಗೆ ಬಂದುಬಿಟ್ಟೆವು.

ಶಿಕ್ಷಕಿಯಾದ ಮೇಲೆ ಹೈದರಾಬಾದಿನ ನಾಣ್ಯ ಪ್ರದರ್ಶನವೊಂದರಲ್ಲಿ ಅದೇ ಛಾಪನ್ನು ಗಾಜಿನ ಹಿಂದೆ ಕಂಡೆ. ಹೊಸ ನಾಣ್ಯ ಹೊರಡಿಸುವ ಮೊದಲು ಪರೀಕ್ಷೆಗೆಂದು ನಾಲ್ಕಾರು ಒತ್ತುತ್ತಾರೆ, ಒಪ್ಪಿಗೆಯಾಗದಿದ್ದರೆ ಅಲ್ಲಿಗೇ ಬಿಡುತ್ತಾರೆ, ಅದಕ್ಕೇ ಸಂಗ್ರಹಕಾರರು ಇವುಗಳಿಗಾಗಿ ಜೀವ ಬಿಡುತ್ತಾರೆ ಎಂದು ಅಲ್ಲಿನವರು ವಿವರಿಸಿದರು. ಇಂಥವನ್ನು ಎಂದೂ ತಿಕ್ಕಬಾರದು, ಕಪ್ಪು ಹೋದರೆ ಬೆಲೆಯೂ ಹೋಯಿತು ಎಂದೂ ಹೇಳಿದರು. ಸಾವ್ಕಾರ ಅವ್ವನನ್ನು ಹೆದರಿಸಿ ಅದನ್ನು ಇಟ್ಟುಕೊಂಡದ್ದು ಯಾಕೆಂದು ಆಗ ತಿಳಿಯಿತು.

ಆ ದೀಪಾವಳಿಗೆ ಸೀರೆಯ ನೆಪದಲ್ಲಿ ಅಂಗಡಿಗೆ ಹೋದೆ. ವಾಡಿಯ ಟೀಚರ್ ಎಂದಷ್ಟೇ ಹೇಳಿಕೊಂಡೆ; ನಾನು ಯಾರ ಮಗಳೆಂದು ಸಾವ್ಕಾರನಿಗೆ ಗೊತ್ತಾಗಲಿಲ್ಲ. ಲಕ್ಷ್ಮಿಯ ಮುಂದೆ ಕಪ್ಪು ತಾಮ್ರ ಇಡಬಾರದೆಂದು ಪೂಜೆಯ ನಾಣ್ಯಗಳನ್ನು ಹುಣಸೆಹಣ್ಣು, ಬೂದಿ ಹಾಕಿ ತಿಕ್ಕುತ್ತ ಕುಳಿತಿದ್ದ. ಅವನ ಕೈಯಲ್ಲಿದ್ದದ್ದು ಅಜ್ಜನ ನಾಣ್ಯ.

“ಹೆಂಗ ಹೊಳಿಯಾಕತ್ತದ ನೋಡ್ರಿ, ಟೀಚರ್!”

“ಭಾಳ ಛಲೋ ಆಗ್ಯದ. ಇನ್ನೊಂದೀಟು ತಿಕ್ರಿ, ಸಾವ್ಕಾರ್ರೆ” ಎಂದೆ.

ತಿಕ್ಕಿದ. ವರ್ಷ ವರ್ಷವೂ ಹೋಗಿ ಹೊಗಳಿದೆ, ವರ್ಷ ವರ್ಷವೂ ತಿಕ್ಕಿದ. ಕೊನೆಗೆ ಅವನು ಅದನ್ನು ಮಾರಬೇಕೆಂದಾಗ ಹೈದರಾಬಾದಿನ ಸಂಗ್ರಹಕಾರರೊಬ್ಬರನ್ನು ನಾನೇ ಗೊತ್ತುಮಾಡಿಕೊಟ್ಟೆ. ಅವರು ಬಂದ ದಿನ ಅವ್ವನನ್ನೂ ಕರೆದೊಯ್ದು ಗಿರಾಕಿಗಳ ನಡುವೆ ಕೂರಿಸಿದೆ.

ಸಂಗ್ರಹಕಾರರು ಭೂತಗನ್ನಡಿ ಹಿಡಿದು ನೋಡಿ ತಲೆಯಾಡಿಸಿದರು. “ಅಕ್ಷರ ಎಲ್ಲಾ ಸವದಾವ. ಖೋಟಾನೂ ಇರಬಹುದು. ನನಗ ಬ್ಯಾಡ.”

ಸಾವ್ಕಾರ ಹೌಹಾರಿ ಎದ್ದುನಿಂತ. “ಖೋಟಾ ಅಲ್ಲರೀ! ಟಂಕಸಾಲ್ಯಾಗ ದುಡದವಗ ಸಾಹೇಬರೇ ಕೊಟ್ಟದ್ದು. ಅವನ ಮಗಳೇ ತಂದು ನನ್ನ ಕೈಯಾಗ ಇಟ್ಟಾಳ!”

ಅವ್ವ ಮೆಲ್ಲಗೆ ಮುಂದೆ ಬಂದಳು. “ಹಂಗಾದ್ರ ನಮ್ಮಪ್ಪ ಕಳ್ಳ ಅಲ್ಲ?”

ಸಾವ್ಕಾರ ಅವಳ ಮುಖ ನೋಡಿದ, ನನ್ನ ಮುಖ ನೋಡಿದ, ಬಿಳಿಚಿಕೊಂಡ. “ಅಲ್ಲ” ಎಂದು ಗೊಣಗಿದ. ಆ ಮುಖ ನೋಡಿ ನನಗಾದ ಸಂತೋಷ ಯಾವ ಹಬ್ಬಕ್ಕೂ ಆಗಿಲ್ಲ.

“ನನಗ ಕೇಳಿಸ್ತು. ಬಾಜಾರಕ್ಕ ಕೇಳಿಸಲಿಲ್ಲ” ಎಂದಳು ಅವ್ವ. ಅವನ ಕೈ ಹಿಡಿದು ಅಂಗಡಿಯ ಮೆಟ್ಟಿಲವರೆಗೆ ಕರೆತಂದು, ಮತ್ತೊಮ್ಮೆ ಹೇಳಿಸಿದಳು.